ಸ್ವೀಡನ್, ಡೆನ್ಮಾರ್ಕ್ ಮತ್ತು ನಮ್ಮ ಸರ್ಕಲ್ಲಿನ ನಾಲ್ಕು ಫ್ಲೆಕ್ಸು

ಫ್ಲೆಕ್ಸ್ ಅಂಗಡಿ ಇಟ್ಟವನು ನಗಲಿಕ್ಕೆಂದು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಶಟರ್ ಎತ್ತಿ ಕೂತರೆ ಸಾಕು, ನಗು ತಾನಾಗಿಯೇ ಪಾಸ್‌ಪೋರ್ಟ್ ಸೈಜಿನ ಫೋಟೋ ಹಿಡಿದುಕೊಂಡು ಒಳಗೆ ಬರುತ್ತದೆ. ಕಷ್ಟ ಒಂದೇ, ಗಿರಾಕಿ ಹೊರಗೆ ಹೋಗುವವರೆಗೆ ನಗುವ ಹಾಗಿಲ್ಲ.

ನಾನು ಶಹಾಪುರದವನು. ಮೊದಲು ಗೋಡೆಗಳ ಮೇಲೆ ಗೊಬ್ಬರದ ಜಾಹೀರಾತು, ಶಾಲೆಯ ಗೋಡೆಗೆ ಕಾಗುಣಿತ, ಟ್ರ್ಯಾಕ್ಟರಿನ ಹಿಂದೆ ‘ತಾಯಿಯ ಆಶೀರ್ವಾದ’ ಬರೆಯುತ್ತಿದ್ದೆ. ಕುಂಚದ ಕಾಲ ಹೋಗಿ ಮಷೀನಿನ ಕಾಲ ಬಂತು, ನಾನೂ ಒಂದು ಮಷೀನು ತಂದೆ. ಊರು ಇನ್ನೂ ನನ್ನನ್ನು ಪೇಂಟರ್ ಅಂತಲೇ ಕರೆಯುತ್ತದೆ. ಆಗ ಅಕ್ಷರ ಬರೆಯುತ್ತಿದ್ದೆ, ಈಗ ಮುಖ ಅಚ್ಚು ಹಾಕುತ್ತೇನೆ. ಅಕ್ಷರಗಳು ತಮ್ಮ ಗಾತ್ರ ಸಣ್ಣದಾಯಿತೆಂದು ಎಂದೂ ಜಗಳಕ್ಕೆ ಬಂದಿರಲಿಲ್ಲ.

ಶುಭ ಕೋರುವವರು

ಬಳಿಚಕ್ರದ ಕಡೆಯವರೊಬ್ಬರು ತಮ್ಮ ಹುಟ್ಟುಹಬ್ಬದ ಫ್ಲೆಕ್ಸ್ ಮಾಡಿಸಲು ಬಂದರು. ಮೇಲೆ ಅವರದು ದೊಡ್ಡ ಫೋಟೋ ಕೂರಿಸಿದೆ. ಕೆಳಗೆ ‘ಶುಭ ಕೋರುವವರು’ ಎಂಬ ಜಾಗ ಖಾಲಿ ಇತ್ತು.

“ಇಲ್ಲಿ ಯಾರ ಫೋಟೋ ಹಾಕಲ್ರಿ?” ಎಂದು ಕೇಳಿದೆ.

“ನಂದಾ ಹಾಕ್ರಿ.”

“ಮ್ಯಾಲೂ ನೀವಾ, ಕೆಳಗೂ ನೀವಾ ಆಗ್ತದಲ್ರಿ?”

“ಕೆಳಗಿಂದು ಹಳೇ ಫೋಟೋ ಹಾಕ್ರಿ. ಮೀಸಿ ಇದ್ದಾಗಿಂದು. ಬ್ಯಾರೆ ಮನಷ್ಯಾ ಕಂಡಂಗ ಕಾಣ್ತದ.”

ಹಾಗೇ ಮಾಡಿಕೊಟ್ಟೆ. ಎರಡು ದಿನ ಬಿಟ್ಟು ಅವರು ಮುಖ ಗಂಟುಹಾಕಿಕೊಂಡು ಮತ್ತೆ ಬಂದರು. ಏನಾಯ್ತೆಂದು ಕೇಳಿದರೆ ಬಹಳ ಗಂಭೀರವಾಗಿ ಹೇಳಿದರು: “ಫೋಟೋ ಸಣ್ಣದಾಯ್ತು ಅಂತ ಶುಭ ಕೋರುವವರಿಗೆ ಸಿಟ್ಟು ಬಂದದ್ರಿ.”

ಏಣಿ ಕಾಕಾ

ನಾನು ಅಚ್ಚು ಹಾಕುವವನು, ಕಟ್ಟುವವನು ಏಣಿ ಕಾಕಾ. ನಾನು ಕುಂಚ ಹಿಡಿದ ದಿನದಿಂದ ನನ್ನ ಏಣಿ ಹಿಡಿದವನು ಅವನೇ. ವಯಸ್ಸು ಅರವತ್ತು ದಾಟಿದೆ, ಕಂಬ ಹತ್ತಿದರೆ ಇಪ್ಪತ್ತರವನು. ಓದಲು ಬರುವುದಿಲ್ಲ. ಮುಖ ನೋಡಿ, ಬಣ್ಣ ನೋಡಿ ಯಾರ ಫ್ಲೆಕ್ಸ್ ಎಲ್ಲಿಗೆ ಎಂದು ನೆನಪಿಟ್ಟುಕೊಳ್ಳುತ್ತಾನೆ. ಆ ಏಣಿ ಬಿಟ್ಟರೆ ಅವನಿಗೆ ಬೇರೆ ಬದುಕಿಲ್ಲ, ಅವನು ಬಿಟ್ಟರೆ ನನಗೂ ಕೈ ಕಾಲು ಆಡುವುದಿಲ್ಲ.

ಕಾಕಾನದು ಒಂದು ಕಟ್ಟುನಿಟ್ಟು. ಶ್ರದ್ಧಾಂಜಲಿಯ ಫ್ಲೆಕ್ಸು, ಅಂದರೆ ಕಪ್ಪು ಅಂಚು ಇದ್ದದ್ದು, ಅಂಗಡಿಯೊಳಗೆ ಒಂದು ರಾತ್ರಿಯೂ ಉಳಿಯಬಾರದು. “ಕರೀ ಅಂಚಿಂದು ಒಳಗ ಇಟ್ಟರ ಅದು ತನ್ನ ಮನಷ್ಯಾನ್ನ ಹುಡುಕ್ತದ ತಮ್ಮಾ. ಸಿಗಲಿಲ್ಲಂದ್ರ ಮನ್ಯಾಗಿದ್ದವರ ಪೈಕಿ ಒಬ್ಬರನ್ನ ನೋಡ್ತದ” ಎನ್ನುತ್ತಾನೆ. ನಾನು ನಂಬುವುದಿಲ್ಲ, ಆದರೆ ಇಡುವುದೂ ಇಲ್ಲ.

ಒಮ್ಮೆ ಸುರಪುರದ ಕಡೆಯ ಒಂದು ಮನೆಯವರು, ಡಾಕ್ಟರು ಕೈ ಬಿಟ್ಟರೆಂದು, ತಮ್ಮ ಯಜಮಾನರ ಶ್ರದ್ಧಾಂಜಲಿಯನ್ನು ಮುಂಚೆಯೇ ಮಾಡಿಸಿದರು. ಅಚ್ಚಾಗಿ ಒಣಗುವಷ್ಟರಲ್ಲಿ ಯಜಮಾನರು ಎದ್ದು ಕೂತು ಚಹಾ ಕೇಳಿದ್ದರು. ಮನೆಯವರು ಫೋನ್ ಮಾಡಿ, “ನಿಮ್ಮ ಕಡೆ ಇರಲಿ ಬಿಡ್ರಿ, ಮುಂದ ಬೇಕಾಗ್ತದ” ಎಂದರು. ಕಾಕಾ ಒಪ್ಪಲಿಲ್ಲ. ಅದನ್ನು ಅಂಗಡಿಯ ಹಿಂದಿನ ಬೇವಿನ ಗಿಡಕ್ಕೆ ಕಟ್ಟಿಬಿಟ್ಟ. ಮೂರು ತಿಂಗಳ ಮೇಲೆ ಆ ಯಜಮಾನರೇ ಬೇರೆ ಕೆಲಸಕ್ಕೆ ಅಂಗಡಿಗೆ ಬಂದವರು ಗಿಡದ ಮೇಲೆ ತಮ್ಮನ್ನು ತಾವು ನೋಡಿದರು. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ ಹೇಳಿದರು: “ಫೋಟೋ ಚಲೋ ಬಂದದ. ದೀಪ ಅಷ್ಟು ತಗದು ಹುಟ್ಟುಹಬ್ಬಕ್ಕ ಇದನ್ನಾ ಹಚ್ಚಿಬಿಡ್ರಿ.”

ಕಡೆಯ ಎಚ್ಚರಿಕೆ

ನಮ್ಮೂರಲ್ಲಿ ಮುಖಂಡರು ಇಬ್ಬರು. ಒಬ್ಬರಿಗೆ ಹತ್ತಿಯ ವ್ಯಾಪಾರ, ಹತ್ತಿ ಸಾಹುಕಾರರು. ಇನ್ನೊಬ್ಬರದು ಅಕ್ಕಿ ಗಿರಣಿ, ಭತ್ತದ ಸಾಹುಕಾರರು. ಒಬ್ಬರು ಕೆಮ್ಮಿದರೆ ಇನ್ನೊಬ್ಬರು ಸೀನುತ್ತಾರೆ. ನನ್ನ ಅಂಗಡಿ ನಡೆಯುವುದು ಇಬ್ಬರ ಕೆಮ್ಮು ಸೀನುಗಳಿಂದಲೇ. ಹಾಗಾಗಿ ನಾನು ಯಾರ ಕಡೆಯವನೂ ಅಲ್ಲ, ಇಬ್ಬರಿಗೂ ನಮಸ್ಕಾರ ಮಾಡುವಾಗ ಬೆನ್ನು ಒಂದೇ ಸಮ ಬಗ್ಗಿಸುತ್ತೇನೆ.

ಕಳೆದ ದಸರೆಗೆ ಕಾಕಾನಿಂದ ತಪ್ಪಾಯಿತು. ಗಾಳಿ ಬಹಳ ಇದೆಯೆಂದು, ಗಾಳಿ ಹೊಡೆಯದ ಜಾಗ ಹುಡುಕಿ, ಭತ್ತದ ಸಾಹುಕಾರರ ನಗುಮುಖವನ್ನು ಬಸ್ ಸ್ಟ್ಯಾಂಡಿನ ಮೂತ್ರಿಖಾನೆಯ ಬಾಗಿಲ ಮೇಲೆ ಕಟ್ಟಿದ. ಮೇಲೆ ‘ಸರ್ವರಿಗೂ ಸ್ವಾಗತ’ ಎಂದಿತ್ತು. ಅವರ ಸಿಟ್ಟು ಇಳಿಸುವ ಮೊದಲೇ, ಹತ್ತಿ ಸಾಹುಕಾರರ ಫ್ಲೆಕ್ಸನ್ನು ಮುಖ ಸ್ಮಶಾನದ ಕಡೆಗೆ ಬರುವಂತೆ ಕಟ್ಟಿದ್ದು ಗೊತ್ತಾಯಿತು. ಯಾಕೆಂದು ಕೇಳಿದರೆ, “ಆ ಕಡಿ ಜನ ಅವಸರ ಮಾಡಂಗಿಲ್ಲ ತಮ್ಮಾ, ನಿಂತು ನೋಡ್ತಾರ” ಎಂದ.

ಎಂದೂ ಒಂದು ಮಾತಿಗೆ ಒಪ್ಪದ ಇಬ್ಬರೂ ಆ ದಿನ ಒಂದೇ ಮಾತು ಹೇಳಿದರು: “ಇನ್ನೊಂದು ತಪ್ಪು ಆದ್ರ ಆ ಮುದುಕನ್ನ ಬಿಡಿಸು. ಇಲ್ಲಂದ್ರ ನಮ್ಮ ಕೆಲಸ ಎಲ್ಲಾ ಯಾದಗಿರಿಗೆ ಹೋಗ್ತದ. ಅಲ್ಲಿ ಗಾಡಿ ಮ್ಯಾಲ ಕೂಡಿಸಿದ ಏಣಿ ಅದ.” ಅಂದಿನಿಂದ ಕಾಕಾ ಪ್ರತಿ ಫ್ಲೆಕ್ಸ್ ಕಟ್ಟುವ ಮೊದಲು ನನ್ನ ಮುಖ ನೋಡುತ್ತಿದ್ದ. ನನಗೆ ಅದು ನೋಡಲು ಆಗುತ್ತಿರಲಿಲ್ಲ.

ಅರಿಶಿಣ, ಕುಂಕುಮ

ಇಂಥಾದ್ದರ ನಡುವೆ ನಮ್ಮೂರಿಗೆ ಸ್ವೀಡನ್ ಬಂತು.

ಹತ್ತಿ ಸಾಹುಕಾರರು ಗಂಜಿನ, ಅಂದರೆ ದವಸದ ಪೇಟೆಯ, ತಮ್ಮ ಅಂಗಡಿಯಲ್ಲಿ ಗೋಡೆ ತುಂಬುವ ಟಿವಿ ಹಾಕಿಸಿದ್ದರು. ಅದರಲ್ಲಿ ಒಂದು ಸಂಜೆ ಯುರೋಪಿನ ಯಾವುದೋ ಕಪ್ ಪಂದ್ಯಾವಳಿಯ ಫುಟ್‌ಬಾಲು ನಡೆದಿತ್ತು. ಹಳದಿ ಅಂಗಿಯವರು ಓಡಾಡುತ್ತಿದ್ದರು. ಸಾಹುಕಾರರು, “ದೇವರ ಭಂಡಾರದ ಅರಿಶಿಣ ಬಣ್ಣ, ಶುಭ ಅದ” ಎಂದರು. ಅಷ್ಟೇ. ಮರುದಿನಕ್ಕೆ ಅವರ ಬೆನ್ನ ಹಿಂದಿದ್ದವರೆಲ್ಲ ಸ್ವೀಡನ್ನಿನ ಅಭಿಮಾನಿಗಳಾದರು. ಸುದ್ದಿ ಅಕ್ಕಿ ಗಿರಣಿಗೆ ಮುಟ್ಟಿತು. ಭತ್ತದ ಸಾಹುಕಾರರು ಒಂದೇ ಪ್ರಶ್ನೆ ಕೇಳಿದರಂತೆ: “ಆ ಹಳದಿಯವರ ಮ್ಯಾಲ ಮುಂದ ಯಾರು ಆಡ್ತಾರ?” ಡೆನ್ಮಾರ್ಕಿನವರು, ಕೆಂಪು ಅಂಗಿ, ಎಂದರು. “ಹಂಗಾದ್ರ ನಾವು ಹಿಂದಿನಿಂದಲೂ ಡೆನ್ಮಾರ್ಕ್.”

ಮುಂದಿನ ಮಂಗಳವಾರ ಸಂಜೆ ಆರೂವರೆಗೆ ಇಬ್ಬರದೂ ನಿರ್ಣಾಯಕ ಆಟ. ಗೆದ್ದವರು ಮುಂದಿನ ಸುತ್ತಿಗೆ, ಸೋತವರು ಮನೆಗೆ ಎಂದು ಊರು ತಿಳಿದುಕೊಂಡಿತು.

ಈ ದೇಶಗಳು ಎಲ್ಲಿವೆ ಎಂಬ ಪ್ರಶ್ನೆ ಚಹಾದ ಹೋಟೆಲಿನಲ್ಲಿ ಎದ್ದಿತು. ನಾನು ಮೊಬೈಲಿನಲ್ಲಿ ನೋಡಿ, ಎರಡೂ ಅಕ್ಕಪಕ್ಕದವು, ನಡುವೆ ಸ್ವಲ್ಪ ಸಮುದ್ರ, ಅದಕ್ಕೊಂದು ಸೇತುವೆ ಇದೆ ಎಂದೆ. ಅಲ್ಲಿ ಗೋಗಿ ಮುತ್ಯಾ ಇದ್ದ. ದಿನಾ ಬೆಳಿಗ್ಗೆ ಗೋಗಿಯಿಂದ ಆಟೋದಲ್ಲಿ ಬಂದು ಸಂಜೆತನಕ ಬೆಂಚು ಬಿಡದ ಹಿರಿಯ. ಅವನು ಬಸಿಯಲ್ಲಿ ಚಹಾ ಹೊಯ್ದುಕೊಳ್ಳುತ್ತ, “ಹಂಗಾದ್ರ ನಾವೂ ಸುರಪುರದವರೂ ಇದ್ದಂಗ. ಹೆಣ್ಣು ಕೊಡ್ತೀವಿ, ತರ್ತೀವಿ, ಬಸ್ಸಿನಾಗ ಸೀಟು ಮಾತ್ರ ಬಿಡಂಗಿಲ್ಲ” ಎಂದ. ಸ್ಕ್ಯಾಂಡಿನೇವಿಯದ ಚರಿತ್ರೆಯನ್ನು ಇಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಆಟಕ್ಕೆ ಆರು ದಿನ ಮೊದಲೇ, ಬುಧವಾರಕ್ಕೆ, ಊರು ಎರಡು ಹೋಳಾಯಿತು. ಹಳದಿ ರುಮಾಲು, ಕೆಂಪು ರುಮಾಲು. ಒಂದು ಓಣಿಯವರು ಇನ್ನೊಂದು ಓಣಿಯ ಪಾನ್ ಅಂಗಡಿಗೆ ಹೋಗುವುದು ನಿಂತಿತು. ಮನೆಯಲ್ಲಿ ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದು ನಿಲ್ಲಿಸದೆ ಕೇಳಿದಳು: “ಅಲ್ಲರೀ, ಅರಿಶಿಣ ಕುಂಕುಮ ಎಂದಾದ್ರೂ ಜಗಳಾಡ್ಯಾವೇನು? ಒಂದಾ ಬಟ್ಟಲದಾಗ ಇರ್ತಾವ.”

ನಾಯಕನಿಗೆ ಜಾಗವಿಲ್ಲ

ಸ್ವೀಡನ್ ಅಭಿಮಾನಿ ಬಳಗ, ಶಹಾಪುರ ತಾಲ್ಲೂಕು ಘಟಕ ಹುಟ್ಟಿತು. ಗೌರವಾಧ್ಯಕ್ಷರು, ಅಧ್ಯಕ್ಷರು, ಉಪಾಧ್ಯಕ್ಷರು ಒಂಬತ್ತು, ಕಾರ್ಯದರ್ಶಿಗಳು ಹದಿನಾಲ್ಕು. ಗೆಲುವಿನ ಫ್ಲೆಕ್ಸು ಮುಂಚೆಯೇ ತಯಾರಿರಬೇಕು, ಆಟ ಮುಗಿದ ಹತ್ತು ನಿಮಿಷಕ್ಕೆ ಸರ್ಕಲ್ಲಿನಲ್ಲಿ ಏರಬೇಕು ಎಂದರು.

ನಾನು ಸ್ವೀಡನ್ ತಂಡದ ನಾಯಕನ ಮುಖವನ್ನು ನೆಟ್ಟಿನಿಂದ ತೆಗೆದೆ. ನಮ್ಮ ಕಂಪ್ಯೂಟರಿನಲ್ಲಿ ಎಲ್ಲ ಮುಖಂಡರಿಗೂ ಒಂದೇ ಮೈ ಇದೆ: ಬಿಳಿ ಅಂಗಿ, ಕೈಮುಗಿದ ಭಂಗಿ. ತಲೆ ಬದಲಿಸಿದರೆ ಮನುಷ್ಯ ಬದಲು. ಆ ಬಂಗಾರ ಬಣ್ಣದ ಕೂದಲಿನ ತಲೆಯನ್ನು ಬಿಳಿ ಅಂಗಿಯ ಮೇಲೆ ಕೂರಿಸಿದೆ. ಬಳಗದ ಅಧ್ಯಕ್ಷರು ಬಹಳ ಹೊತ್ತು ನೋಡಿದರು.

“ಹಣಿ ಖಾಲಿ ಕಾಣ್ತದ್ರಿ. ವಿಭೂತಿ ಹಚ್ರಿ.”

ಹಚ್ಚಿದೆ.

“ಇಂವ ಯಾವ ಪೈಕಿ ಅದಾನ್ರಿ?”

“ಸ್ವೀಡನ್ ಪೈಕಿ ಅದಾನ್ರಿ.”

“ಅದು ಗೊತ್ತಾಯ್ತು. ಅದರಾಗ ಯಾವ ಪೈಕಿ?”

ನನಗೆ ಗೊತ್ತಿಲ್ಲವೆಂದೆ. ಇರಲಿ, ಗೆದ್ದ ಮೇಲೆ ವಿಚಾರಿಸೋಣ ಎಂದರು.

ಆಮೇಲೆ ಪದಾಧಿಕಾರಿಗಳ ಫೋಟೋ ಶುರುವಾದವು. ಇಪ್ಪತ್ತೈದು ಮುಖ ಕೂರಿಸುವಷ್ಟರಲ್ಲಿ ಇನ್ನೂ ಹನ್ನೊಂದು ಬಂದವು. ನಾಯಕನನ್ನು ಸ್ವಲ್ಪ ಬಲಕ್ಕೆ ಸರಿಸಿದೆ, ಆಮೇಲೆ ಸ್ವಲ್ಪ ಕೆಳಕ್ಕೆ, ಆಮೇಲೆ ಮೂಲೆಗೆ. ಕೊನೆಗೆ ಒಬ್ಬ ಸಹ ಕಾರ್ಯದರ್ಶಿ ಉಳಿದ. ಎಲ್ಲಿಯೂ ಜಾಗವಿಲ್ಲ. ಅಧ್ಯಕ್ಷರು ಪರದೆಯ ಮೇಲೆ ಬೆರಳಿಟ್ಟು ಹೇಳಿದರು: “ಈ ಮೂಲ್ಯಾಗಿನ ಕೆಂಚಗೂದಲದವನ್ನ ತಗದುಬಿಡ್ರಿ. ನಮ್ಮಂವ ಬರೋಬ್ಬರಿ ಹಿಡೀತಾನ.”

ನಾಯಕನನ್ನು ಉಳಿಸಿಕೊಳ್ಳಲು ನಾನು ಪಟ್ಟ ಪಾಡನ್ನು ಸ್ವೀಡನ್ನಿನ ಜನ ಎಂದಾದರೂ ತಿಳಿಯಬೇಕು. ಮರುದಿನ ಡೆನ್ಮಾರ್ಕ್ ಬಳಗದವರು ಬಂದು, ತಮ್ಮ ನಾಯಕನ ತಲೆ ಆ ತಲೆಗಿಂತ ಎರಡು ಇಂಚು ದೊಡ್ಡದಿರಬೇಕು, ಮೀಸೆಯೂ ಬೇಕು ಎಂದರು.

ಎರಡು ಗುಟ್ಟು

ಸೋಮವಾರ ಮಧ್ಯಾಹ್ನ ಹತ್ತಿ ಸಾಹುಕಾರರು ಒಬ್ಬರೇ ಬಂದರು. ಬಾಗಿಲು ಅರ್ಧ ಎಳೆದು ಮೆಲ್ಲಗೆ ಹೇಳಿದರು: “ಡೆನ್ಮಾರ್ಕಿನ ನಾಯಕಂದು ಒಂದು ಶ್ರದ್ಧಾಂಜಲಿ ಮಾಡು. ಸೋತ ಮ್ಯಾಲ ಅವರ ಗಿರಣಿ ಮುಂದ ಕಟ್ಟಸ್ತೀವಿ. ದುಃಖತಪ್ತರು ಅಂತ ನಂದು ಫೋಟೋ ಹಾಕು, ಸ್ವಲ್ಪ ಅತ್ತಂಗ ಇರಲಿ.”

ಅವರು ಹೋಗಿ ಅರ್ಧ ತಾಸಿಗೆ ಭತ್ತದ ಸಾಹುಕಾರರು ಬಂದರು. ಅವರೂ ಬಾಗಿಲು ಅರ್ಧ ಎಳೆದರು. ಅವರಿಗೆ ಬೇಕಾಗಿದ್ದು ಸ್ವೀಡನ್ನಿನ ನಾಯಕನ ಶ್ರದ್ಧಾಂಜಲಿ, ಕೆಳಗೆ ಅತ್ತಂತಿರುವ ತಮ್ಮ ಫೋಟೋ. ಇಬ್ಬರೂ ಹೊರಡುವಾಗ ಬೇವಿನ ಗಿಡದ ಕೆಳಗೆ ಕೂತಿದ್ದ ಕಾಕಾನ ಕಡೆ ಒಮ್ಮೆ ನೋಡಿ, “ಈ ಸಲ ಹೆಚ್ಚುಕಮ್ಮಿ ಆಗಬಾರದು, ನೆನಪಿರಲಿ” ಎಂದರು.

ಗೆಲುವಿನವು ಎರಡು, ಸಾವಿನವು ಎರಡು. ಒಟ್ಟು ನಾಲ್ಕು ಸುರುಳಿ. ಗೆಲುವಿನವನ್ನು ಕಾಕಾನಿಗೆ ತೋರಿಸಿದೆ. ಕಪ್ಪು ಅಂಚಿನ ಎರಡನ್ನು ಮಷೀನಿನ ಹಿಂದೆ ಬಚ್ಚಿಟ್ಟೆ. ಗುಟ್ಟು ಸಾಹುಕಾರರದು, ಹೆದರಿಕೆ ಕಾಕಾನದು, ಎರಡನ್ನೂ ಕಾಯುವ ಕೆಲಸ ನನ್ನದು. ಸಂಜೆ ಕಾಕಾ ಅಂಗಡಿಯೊಳಗೆ ಬಂದು ಸುಮ್ಮನೆ ಸುತ್ತ ನೋಡಿ, “ಒಳಗ ಏನೋ ಭಾರ ಅನಸ್ತದ ತಮ್ಮಾ” ಎಂದ. ಮಷೀನಿನ ಬಿಸಿ ಎಂದೆ.

ಪಂಚರ ಚೀಟಿ

ಆಟದ ದಿನ ಇಬ್ಬರಿಗೂ ಸಮ ದೂರದ ಜಾಗವೆಂದು ಚಹಾದ ಹೋಟೆಲು ಗೊತ್ತಾಯಿತು. ಹತ್ತಿ ಸಾಹುಕಾರರ ಟಿವಿ ಅಲ್ಲಿಗೆ ಬಂತು. ಎಡಕ್ಕೆ ಹಳದಿ, ಬಲಕ್ಕೆ ಕೆಂಪು, ನಡುವಿನ ಬೆಂಚಿನ ಮೇಲೆ ನಾನು ಮತ್ತು ಗೋಗಿ ಮುತ್ಯಾ. ಕಾಕಾ ಬರಲಿಲ್ಲ. ಏಣಿ, ಹಗ್ಗ, ಮೊಬೈಲು ಇಟ್ಟುಕೊಂಡು ಅಂಗಡಿಯ ಮುಂದೆ ಕೂತಿದ್ದ.

ಮುತ್ಯಾ ಕೇಳಿದ: “ಎಲ್ಲಾರೂ ಓಡಾಕತ್ತಾರ, ಅಂವ ಒಬ್ಬಂವ ಯಾಕ ಬಲೆ ಮುಂದ ನಿಂತಾನ?”

“ಅಂವ ಗೋಲಿ, ಗೋಲು ಕಾಯಂವ, ಮುತ್ಯಾ. ಅಂವಗ ಅದಾ ಕೆಲಸ.”

“ಸರಕಾರಿ ನೌಕರಿ ಇರಬೇಕು.”

ಅಷ್ಟರಲ್ಲಿ ಒಬ್ಬ ಸ್ವೀಡನ್ ಆಟಗಾರ ಎದುರಿನವನ ಕಾಲಿಗೆ ಕಾಲು ಕೊಟ್ಟು ಕೆಡವಿದ. ರೆಫ್ರಿ ಓಡಿ ಬಂದು ಕಿಸೆಯಿಂದ ಹಳದಿ ಚೀಟಿ ತೆಗೆದು ಎತ್ತಿ ಹಿಡಿದ. ಎಡಗಡೆಯವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. “ನೋಡಿದ್ರೇನ್ರಿ, ಪಂಚರು ನಮ್ಮ ಬಣ್ಣ ತೋರಸ್ಯಾರ” ಎಂದು ಅಧ್ಯಕ್ಷರು ಮಿರ್ಚಿ ಭಜಿ ಹಂಚಿಸಿದರು. ಬಲಗಡೆ ಮುಖಗಳು ಇಳಿದವು. ಭತ್ತದ ಸಾಹುಕಾರರು ಗಂಟಲು ಸರಿಮಾಡಿಕೊಂಡು ಘೋಷಿಸಿದರು: “ಕೆಂಪು ಚೀಟಿ ತೋರಸೋತನಕ ನಮ್ಮ ಕಡೆಯವರು ಯಾರೂ ಚಹಾ ಮುಟ್ಟಂಗಿಲ್ಲ.” ಹಳದಿ ಎಂದರೆ ತಪ್ಪು ಮಾಡಿದವನಿಗೆ ಎಚ್ಚರಿಕೆ, ಕೆಂಪೆಂದರೆ ಆಟದಿಂದಲೇ ಹೊರಗೆ ಎಂದು ತಿಳಿದವರು ಒಬ್ಬಿಬ್ಬರು ಇದ್ದರು. ತಿಳಿಸುವ ಧೈರ್ಯ ಯಾರಿಗೂ ಇರಲಿಲ್ಲ, ನನಗಂತೂ ಮೊದಲೇ ಇಲ್ಲ.

ಡೆನ್ಮಾರ್ಕ್ ಒಂದು ಗೋಲು ಹೊಡೆಯಿತು. ಬಲಗಡೆಯವರು ಚಹಾ ಇಲ್ಲದೆ ಕುಣಿದರು. ಆಟ ಮುಗಿಯಲು ಐದು ನಿಮಿಷ ಇರುವಾಗ ಸ್ವೀಡನ್ ತಿರುಗಿ ಒಂದು ಹೊಡೆಯಿತು. ಎಡಗಡೆ ಕುಣಿಯಿತು. ಸೀಟಿ ಊದಿತು. ಒಂದಕ್ಕೊಂದು, ಸಮ. ಊರಿಗೆ ಊರೇ ಮರೆತಿದ್ದ ಸಂಗತಿ ಆಗ ಟಿವಿಯವರು ಹೇಳಿದರು: ಸಮ ಆದರೆ ಎರಡೂ ದೇಶ ಮುಂದಿನ ಸುತ್ತಿಗೆ, ಮೂರನೆಯ ಯಾವುದೋ ದೇಶ ಮನೆಗೆ.

ಹೋಟೆಲಿನಲ್ಲಿ ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಇಷ್ಟೊತ್ತು ಹಲ್ಲು ಕಡಿದವರು ಒಟ್ಟಿಗೆ ಗೆದ್ದುಬಿಟ್ಟಿದ್ದರು. ಮೈದಾನದಲ್ಲಿ ಇಬ್ಬರು ನಾಯಕರೂ ತಬ್ಬಿಕೊಂಡರು. ಆಮೇಲೆ, ಎಲ್ಲರೂ ನೋಡುತ್ತಿದ್ದ ಹಾಗೆಯೇ, ಅಂಗಿ ಬಿಚ್ಚಿ ಅದಲು ಬದಲು ಮಾಡಿಕೊಂಡರು. ಹಳದಿಯವನು ಕೆಂಪು ತೊಟ್ಟ, ಕೆಂಪಿನವನು ಹಳದಿ ತೊಟ್ಟ.

ಮುತ್ಯಾ ತಲೆದೂಗಿದ. “ಆಟ ಮುಗದು ಐದು ನಿಮಿಷ ಆಗಿಲ್ಲ, ಆಗಲೇ ಪಾರ್ಟಿ ಬದಲು ಮಾಡ್ಯಾರ.”

ಸಾಹುಕಾರರು ಇಬ್ಬರೂ ಬೆಂಚಿನ ಕೆಳಗೆ ಚಪ್ಪಲಿ ಹುಡುಕತೊಡಗಿದರು. ಅವರಿಬ್ಬರೂ ಎರಡೆರಡು ಸಲ ಪಾರ್ಟಿ ಬದಲಿಸಿದವರು.

ನಾನು ಹೊರಗೆ ಬಂದು ಫೋನ್ ಹಚ್ಚಿದೆ. “ಕಾಕಾ, ಇಬ್ಬರೂ ಗೆದ್ದಾರ. ಎರಡೂ ಫ್ಲೆಕ್ಸ್ ಸರ್ಕಲ್ಲಿನಾಗ ಕಟ್ಟಿ, ಶಟರ್ ಎಳದು ಮನಿಗೆ ಹೋಗು.” ಹೂಂ ಎಂದ. ಒಂದು ಗಂಡಾಂತರ ಕಳೆಯಿತೆಂದು ನಾನು ಆ ದಿನ ಹೊಟ್ಟೆ ತುಂಬ ಉಂಡು ಮಲಗಿದೆ.

ಎರಡು ನಿಮಿಷ

ಬೆಳಿಗ್ಗೆ ಎಂಟಕ್ಕೆ ಸರ್ಕಲ್ಲಿಗೆ ಹೋದರೆ ಜನ ತುಂಬಿದ್ದಾರೆ. ಯಾರೂ ಗಟ್ಟಿಯಾಗಿ ಮಾತಾಡುತ್ತಿಲ್ಲ. ನಮ್ಮ ಸರ್ಕಲ್ಲಿಗೆ ನಾಲ್ಕು ರಸ್ತೆ, ರಸ್ತೆಗೊಂದು ಬೊಂಬಿನ ಚೌಕಟ್ಟು. ಬಸ್ ಸ್ಟ್ಯಾಂಡ್ ಕಡೆಗೆ ಗೆದ್ದ ಸ್ವೀಡನ್ ನಾಯಕ. ಗಂಜಿನ ಕಡೆಗೆ ಗೆದ್ದ ಡೆನ್ಮಾರ್ಕ್ ನಾಯಕ. ಸುರಪುರದ ರಸ್ತೆಗೆ ಅದೇ ಸ್ವೀಡನ್ ನಾಯಕ, ಕಪ್ಪು ಅಂಚು, ಎರಡೂ ಕಡೆ ದೀಪ, ಭಾವಪೂರ್ಣ ಶ್ರದ್ಧಾಂಜಲಿ, ಕೆಳಗೆ ಅಳುವ ಭತ್ತದ ಸಾಹುಕಾರರು. ಯಾದಗಿರಿ ರಸ್ತೆಗೆ ಡೆನ್ಮಾರ್ಕಿನವನು, ಹಾಗೆಯೇ, ಕೆಳಗೆ ಅಳುವ ಹತ್ತಿ ಸಾಹುಕಾರರು.

ಗೋಗಿ ಮುತ್ಯಾ ಆಗತಾನೆ ಆಟೋ ಇಳಿದಿದ್ದ. ಯಾರಿಂದಲೋ ಓದಿಸಿಕೊಂಡು, ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

“ನಿನ್ನೆ ಸಂಜಿಕ ಚಲೋ ಓಡಾಡ್ತಿದ್ರಲ್ಲಪಾ. ಇಬ್ಬರೂ?”

“ಗೆದ್ದ ಖುಷಿಗೆ ಎದಿ ಹಿಡದಿರಬೇಕು” ಎಂದ ಒಬ್ಬ.

“ಬೆವರಿನ ಅಂಗಿ ಅದಲಬದಲ ಹಾಕ್ಕೊಂಡ್ರಲ್ಲ, ಅದರಿಂದಲೇ ಏನೋ ತಗಲ್ಯಾದ” ಎಂದ ಇನ್ನೊಬ್ಬ. ಇದು ಎಲ್ಲರಿಗೂ ಒಪ್ಪಿಗೆಯಾಯಿತು.

ಗಂಜಿನ ಹಮಾಲರು ಚೀಲ ಇಳಿಸಿ ಬಂದು ನಿಂತರು. ಅಂಗಡಿಗಳ ಶಟರು ಅರ್ಧ ಇಳಿದವು. ಹೋಟೆಲಿನವನು ಮುಂದಿನ ಬಾಗಿಲು ಹಾಕಿ ಶೋಕ ಆಚರಿಸುತ್ತ ಹಿಂದಿನ ಬಾಗಿಲಿನಿಂದ ಚಹಾ ಕೊಟ್ಟ.

ಮೂಲೆಯಲ್ಲಿ ಏಣಿ ತಬ್ಬಿಕೊಂಡು ಕಾಕಾ ನಿಂತಿದ್ದ. ಅವನ ಹತ್ತಿರ ಹೋಗಿ, “ಕಾಕಾ, ಇದೇನು ಮಾಡಿದಿ?” ಎಂದೆ.

“ಹಗ್ಗ ಹುಡುಕಾಕ ಮಷೀನಿನ ಹಿಂದ ಕೈ ಹಾಕಿದೆ ತಮ್ಮಾ. ಕರೀ ಅಂಚಿನವು ಎರಡು. ನಿನ್ನ ಮನ್ಯಾಗ ಸಣ್ಣ ಮಕ್ಕಳು ಅದಾವ. ಒಳಗ ಹೆಂಗ ಬಿಡಲಿ? ನನ್ನ ಕೆಲಸ ಹೋದ್ರ ಹೋಗಲಿ ಅಂತ ಖಾಲಿ ಇದ್ದ ಎರಡು ಚೌಕಟ್ಟಿಗೆ ಕಟ್ಟಿಬಿಟ್ಟೆ.”

ಬಯ್ಯಬೇಕೆಂದು ಬಂದವನು ಅವನ ಹೆಗಲ ಮೇಲೆ ಕೈಯಿಟ್ಟು ನಿಂತೆ.

ಅಷ್ಟರಲ್ಲಿ ಎರಡು ಕಾರು ಬಂದವು. ಹತ್ತಿ ಸಾಹುಕಾರರು ಇಳಿದವರೇ ನಾಲ್ಕೂ ಕಡೆ ಕಣ್ಣು ಹಾಯಿಸಿದರು, ಕಿವಿ ಕೆಂಪಾದವು. ಭತ್ತದ ಸಾಹುಕಾರರು ಇನ್ನೊಂದು ಕಡೆಯಿಂದ ಬಂದರು. ಇಬ್ಬರೂ ನನ್ನ ಮುಂದೆ ನಿಂತರು.

“ಇದು ಯಾರು ಕಟ್ಟಿದ್ದು?” ಎಂದರು ಹತ್ತಿ ಸಾಹುಕಾರರು.

“ಕಾಕಾ ಕಟ್ಟ್ಯಾನ್ರಿ.”

“ಅಂವನ್ನ ಇವತ್ತೇ…”

ಮಾತು ಮುಗಿಯಲಿಲ್ಲ. ಗೋಗಿ ಮುತ್ಯಾ ಬಂದು ಅವರ ಎರಡೂ ಕೈ ಹಿಡಿದುಕೊಂಡಿದ್ದ. ಅವನ ಕಣ್ಣಲ್ಲಿ ಖರೇ ನೀರಿತ್ತು. “ಸಾಹುಕಾರ್ರ, ಕೆಂಪಿನವರು ನಿಮ್ಮ ವಿರುದ್ಧದವರು. ಅಂಥಾದ್ರಾಗೂ ಅವರ ಹುಡುಗಗ ನೀವು ಅತ್ತೀರಿ. ಫೋಟೋದಾಗ ನೋಡಿದೆ. ಇಂಥಾ ದೊಡ್ಡ ಮನಸು ನಾ ಎಲ್ಲೂ ಕಂಡಿಲ್ಲ.” ಆಮೇಲೆ ಭತ್ತದ ಸಾಹುಕಾರರ ಕಡೆ ತಿರುಗಿ ಅವರಿಗೂ ಅದನ್ನೇ ಹೇಳಿದ. ಜನ ಹೌದೌದು ಎಂದರು. ಹಮಾಲರು ಕೈ ಮುಗಿದರು. ನಾಯಕರು ಬದುಕಿದ್ದಾರೆಂದು ಪದಾಧಿಕಾರಿಗಳಿಗೆಲ್ಲ ಗೊತ್ತಿತ್ತು, ಆದರೆ ಸಾಹುಕಾರರು ಬಾಯಿ ಬಿಡುವ ಮೊದಲು ತಾವು ಬಿಡುವ ಜಾತಿಯಲ್ಲ ಅವರು.

ಸಾಹುಕಾರರು ಒಬ್ಬರನ್ನೊಬ್ಬರು ನೋಡಿದರು. ತಪ್ಪಾಗಿದೆ ಎಂದರೆ, ಸಾವಿನ ಫ್ಲೆಕ್ಸ್ ಮಾಡಿಸಿದ್ದು ಯಾಕೆ ಎಂದು ಹೇಳಬೇಕು. ಹತ್ತಿ ಸಾಹುಕಾರರು ಟೋಪಿ ತೆಗೆದರು. ಭತ್ತದ ಸಾಹುಕಾರರು ಕನ್ನಡಕ ತೆಗೆದು ಒರೆಸಿಕೊಂಡರು. ಇಬ್ಬರೂ ಅಕ್ಕಪಕ್ಕ ನಿಂತು, ಬದುಕಿರುವ ಇಬ್ಬರು ಗಟ್ಟಿಮುಟ್ಟಾದ ಹುಡುಗರ ಆತ್ಮಕ್ಕೆ ಶಾಂತಿ ಕೋರಿ ಎರಡು ನಿಮಿಷ ಮೌನ ಆಚರಿಸಿದರು. ಅದೇ ಹೊತ್ತಿಗೆ ಆ ಹುಡುಗರು ತಮ್ಮ ತಮ್ಮ ಹಾಸಿಗೆಯಲ್ಲಿ ಹಾಯಾಗಿ ಗೊರಕೆ ಹೊಡೆಯುತ್ತಿದ್ದಿರಬೇಕು.

ಮೌನ ಮುಗಿದ ಮೇಲೆ ಹತ್ತಿ ಸಾಹುಕಾರರು ನನ್ನ ಕಡೆ ಬಾಗಿ, ಅರ್ಧಕ್ಕೆ ನಿಂತ ಮಾತನ್ನು ಪೂರ್ತಿ ಮಾಡಿದರು: “ಅಂವನ್ನ… ಚಲೋ ನೋಡ್ಕೋ. ಏಣಿ ಹಳೇದಾಗ್ಯಾದ, ಹೊಸಾದು ಮಾಡಿಸಿ ಕೊಡು.”

ಕಾಕಾನಿಗೆ ಇದು ತಿಳಿಸಿದಾಗ ಅವನು ಸಾಹುಕಾರರ ವಿಷಯ ಕೇಳಲೇ ಇಲ್ಲ. “ಈಗ ಅಂಗಡಿ ಒಳಗ ಹಗುರ ಅನಸ್ತದ ನೋಡು” ಎಂದ.

ನೇರ ಪ್ರಸಾರ

ನಾಲ್ಕು ದಿನ ಬಿಟ್ಟು ಸ್ವೀಡನ್ನಿನ ಮುಂದಿನ ಸುತ್ತಿನ ಆಟ. ಮತ್ತೆ ಅದೇ ಆರೂವರೆ, ಅದೇ ಹೋಟೆಲು. ಮೌನ ಆಚರಿಸಿದ ದಿನದಿಂದ ಸಾಹುಕಾರರಿಬ್ಬರೂ ಒಂದೇ ಬೆಂಚಿನ ಮೇಲೆ ಕೂರಬೇಕಾಗಿತ್ತು, ಜನ ಹಾಗೆ ಬಯಸುತ್ತಿದ್ದರು. ಈ ಸಲ ಕಾಕಾನನ್ನೂ ಕರೆತಂದು ನನ್ನ ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ಹೋಟೆಲಿನವನು ಮುಂದಿನದು ಯೋಚಿಸದೆ ಟಿವಿ ಹಚ್ಚಿಬಿಟ್ಟ.

ಬಂಗಾರ ಕೂದಲಿನ ಸ್ವೀಡನ್ ನಾಯಕ ಚೆಂಡಿನ ಹಿಂದೆ ಓಡುತ್ತಿದ್ದ.

ಗೋಗಿ ಮುತ್ಯಾ ಬಸಿ ಕೆಳಗಿಟ್ಟ. “ಇಂವ ಸತ್ತಿದ್ದನಲ್ಲ?”

ಸಾಹುಕಾರರಿಬ್ಬರೂ ಒಟ್ಟಿಗೆ ಚಹಾದ ಕಪ್ಪಿನೊಳಗೆ ನೋಡತೊಡಗಿದರು.

“ಹಳೇದು ತೋರಸಾಕತ್ತಾರ, ಮುತ್ಯಾ” ಎಂದ ಒಬ್ಬ ಕಾರ್ಯದರ್ಶಿ.

“ಇಲ್ಲ ಮುತ್ಯಾ, ಇದು ಲೈವ್ ಅದ” ಎಂದ ಕಾಲೇಜಿಗೆ ಹೋಗುವವನೊಬ್ಬ. “ಮ್ಯಾಲ ಬರದಾರ ನೋಡು. ಈಗಿಂದೀಗ ನಡಿಯಾಕತ್ತಿದ್ದು. ಅಂವ ಬದುಕ್ಯಾನ.”

ಮುತ್ಯಾನಿಗೆ ಸಿಟ್ಟು ಬಂತು. “ಟಿವಿಯವರು ಎಂದಾದ್ರೂ ಖರೇ ಹೇಳ್ಯಾರೇನು? ಸರ್ಕಲ್ಲಿನಾಗ ಫ್ಲೆಕ್ಸ್ ಕಟ್ಟಿದ್ರು. ಫೋಟೋ ಇತ್ತು, ದೀಪ ಇತ್ತು. ಸುಳ್ಳು ಆಗಿದ್ರ ಅಷ್ಟು ದೊಡ್ಡದು ಯಾಕ ಮಾಡಸ್ತಾರ?” ಆಮೇಲೆ ಬೆಂಚಿನ ಕಡೆ ತಿರುಗಿದ. “ಸಾಹುಕಾರ್ರ, ನೀವಾ ಹೇಳ್ರಿ. ಟೋಪಿ ತಗದು ನಿಂತವರು ನೀವು. ಇಂವ ಸತ್ತಾನೋ, ಬದುಕ್ಯಾನೋ?”

ನನ್ನ ಪಕ್ಕದಲ್ಲಿ ಕಾಕಾ ನನ್ನ ತೋಳು ಬಿಗಿಯಾಗಿ ಹಿಡಿದಿದ್ದ. ಸಾಹುಕಾರರು ಬದುಕಿದ್ದಾನೆ ಎಂದರೆ ಕಾಕಾನ ಏಣಿ ಹೋಯಿತು, ನನ್ನ ಅಂಗಡಿಯೂ ಅದರ ಹಿಂದೆ. ಹತ್ತಿ ಸಾಹುಕಾರರು ಭತ್ತದ ಸಾಹುಕಾರರನ್ನು ನೋಡಿದರು. ಭತ್ತದವರು ಹತ್ತಿಯವರನ್ನು ನೋಡಿದರು. ಇಬ್ಬರೂ ಗಂಟಲು ಸರಿಮಾಡಿಕೊಂಡರು, ಒಂದೇ ದನಿಯಲ್ಲಿ ಹೇಳಿದರು:

“ಸತ್ತಾನ, ಮುತ್ಯಾ.”

ಕಾಕಾನ ಕೈ ಸಡಿಲವಾಯಿತು. ಮುತ್ಯಾ ಸಮಾಧಾನದಿಂದ ಬಸಿ ಎತ್ತಿಕೊಂಡು ಟಿವಿಯ ಕಡೆ ತಿರುಗಿದ. ಅದೇ ಹೊತ್ತಿಗೆ ಸ್ವೀಡನ್ನಿನ ನಾಯಕ ಇಬ್ಬರನ್ನು ದಾಟಿ, ಗೋಲಿಯನ್ನೂ ತಪ್ಪಿಸಿ, ಚೆಂಡನ್ನು ಬಲೆಯೊಳಗೆ ಹೊಡೆದ.

ಮುತ್ಯಾ ಒಂದು ಗುಟುಕು ಕುಡಿದು ನಿಟ್ಟುಸಿರು ಬಿಟ್ಟ. “ಪಾಪ, ಸತ್ತ ಮ್ಯಾಲೂ ಎಷ್ಟು ಚಲೋ ಆಡಾಕತ್ತಾನ ನೋಡ್ರಿ.”